ಅಪ್‌ಡೇಟ್: ಕಿಕ್‌ಸ್ಟಾರ್ಟರ್‌ನ ಆ ಬೋರ್ಡ್ ಗೇಮ್‌ಗೆ ಹಣ ಕಟ್ಟಿದೆನೇ?

ಹೊಸ ಯೋಜನೆಗಳಿಗೆ ಜನರಿಂದ ಮುಂಗಡ ಹಣ ಸಂಗ್ರಹಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಹೊಸ ಪ್ರಕಾಶಕರೊಬ್ಬರು ತಂದಿರುವ ಬೋರ್ಡ್ ಗೇಮ್‌ಗೆ ಬೆಂಗಳೂರಿನಲ್ಲಿರುವ ನಾನು ಮುಂಗಡವಾಗಿ ಹಣ ಕಟ್ಟಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ಸದ್ಯಕ್ಕೆ ಒಂದು ಡಾಲರ್ ಮಾತ್ರ ಕೊಟ್ಟಿದ್ದೇನೆ. ಅಷ್ಟು ಕೊಟ್ಟವರಿಗೂ ಹಣ ಸಂಗ್ರಹದ ಅಭಿಯಾನ ಮುಗಿದ ಮೇಲೆ ಉಳಿದ ಹಣ ಸೇರಿಸಿ ಪೂರ್ಣ ಆಟವನ್ನು ಪಡೆಯುವ ಅವಕಾಶ ಈ ಯೋಜನೆಯಲ್ಲಿದೆ.

ನಿಮ್ಮಲ್ಲೊಬ್ಬರು ಸೂಚಿಸಿದಂತೆ, ಪ್ರಕಾಶಕರು ಉಚಿತವಾಗಿ ಒದಗಿಸಿರುವ ನಿಯಮಗಳನ್ನೂ ಕಾರ್ಡುಗಳನ್ನೂ ಮುದ್ರಿಸಿಕೊಂಡು ಮನೆಯವರೊಂದಿಗೆ ಆಡಿ ನೋಡಿದೆ. ಇಬ್ಬರಿಗೆ ಆಟ ಸೊಗಸಾಗಿದೆ, ನಾಲ್ವರು ಕುಳಿತರೆ ಸರದಿಗಾಗಿ ಕಾಯುವುದೇ ಹೆಚ್ಚು. ಆದರೂ ನನ್ನನ್ನು ತಡೆದದ್ದು ಸಾಗಣೆ ವೆಚ್ಚವನ್ನು ನಂತರ ತಿಳಿಸಲಾಗುವುದು ಎಂಬ ಸಾಲು. ಭಾರವಾದ ಪೆಟ್ಟಿಗೆ ಭಾರತಕ್ಕೆ ಬರುವಾಗ ಸಾಗಣೆಯ ಜೊತೆಗೆ ಕಸ್ಟಮ್ಸ್ ಸುಂಕವೂ ಸೇರುವುದರಿಂದ, ಪುಟದಲ್ಲಿ ಕಾಣುವ ಬೆಲೆಯನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ, ಹಣ ಕಟ್ಟಿದರೂ ವಸ್ತು ಸಿಗದೇ ಹೋಗಬಹುದು ಎಂಬ ನಿಮ್ಮ ಎಚ್ಚರಿಕೆಯೂ ಸರಿಯಾದದ್ದೇ. 2012ರಲ್ಲಿ ‘ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಆಟಕ್ಕೆ 35,000 ಡಾಲರ್ ಗುರಿಯಿದ್ದರೂ 1,22,000ಕ್ಕೂ ಹೆಚ್ಚು ಡಾಲರ್ ಸಂಗ್ರಹವಾಯಿತು. ಮರುವರ್ಷವೇ ಯೋಜನೆ ರದ್ದಾಗಿ, 2015ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ನಡೆಸಿದವರ ವಿರುದ್ಧ ಕ್ರಮ ಕೈಗೊಂಡಿತು. ಬೇರೊಂದು ಪ್ರಕಾಶನ ಸಂಸ್ಥೆ ಆಟವನ್ನು ಮುದ್ರಿಸಿ ಕೊಟ್ಟದ್ದು ಹಣ ಕಟ್ಟಿದ್ದ ಬೆಂಬಲಿಗರ ಅದೃಷ್ಟವೆನ್ನಬೇಕು, ಏಕೆಂದರೆ ಅದು ಅವರ ಹಕ್ಕಾಗಿರಲಿಲ್ಲ.

ಸಾಗಣೆ ದರ ಪ್ರಕಟವಾದ ಬಳಿಕ ಒಟ್ಟು ಮೊತ್ತ ಇಲ್ಲಿನ ಅಂಗಡಿಯ ದರಕ್ಕೆ ಸಮೀಪವಿದ್ದರೆ ಮಾತ್ರ ಪೂರ್ತಿ ಹಣ ಕಟ್ಟುತ್ತೇನೆ.