ಅಂಕದ ಪಟ್ಟಿ ಬೇಡ ಮಾವ, ಒಟ್ಟಿಗೆ ಓದೋಣ

ಮಾವ: (ಚಿತ್ರ: ‘ಬೇಸಿಗೆ ಓದಿನ ಸವಾಲು. 60 ದಿನ, 30 ಪುಸ್ತಕ. ಪುಸ್ತಕಕ್ಕೆ 10 ಅಂಕ. ಗೆದ್ದ ಮಗುವಿಗೆ ಬಹುಮಾನ!’)

ಮಾವ: ನಮ್ಮ ಮಕ್ಕಳೆಲ್ಲ ಈ ರಜೆಯಲ್ಲಿ ಇದನ್ನು ಮಾಡಲೇಬೇಕು. ಬಹುಮಾನ ನನ್ನದು. ಪ್ರತಿ ಭಾನುವಾರ ನಮ್ಮ ಮನೆಯವರ ಈ ಗುಂಪಿನಲ್ಲೇ ಅಂಕ ಹಾಕೋಣ.

ಅಕ್ಕ: ಆಗಲಿ ಮಾವ. ದೊಡ್ಡವನು ಇಡೀ ದಿನ ಮೊಬೈಲ್ ಹಿಡಿದು ಕೂತಿರುತ್ತಾನೆ. ಇಂಥದ್ದೇನಾದರೂ ಬೇಕಿತ್ತು.

ನಾನು: ಮಾವ, ಬೇಜಾರು ಮಾಡಿಕೊಳ್ಳಬೇಡಿ. ಓದಿಸುವುದು ಸರಿ. ಅಂಕ ಬೇಡ.

ಮಾವ: ಯಾಕಮ್ಮಾ? ಪಂದ್ಯ ಅಂದರೆ ಮಕ್ಕಳಿಗೆ ಹುರುಪು.

ನಾನು: ಹುರುಪು ಬರುತ್ತದೆ, ಆದರೆ ಅಂಕದ ಮೇಲೆ. ಎರಡು ದಿನಕ್ಕೊಂದು ಪುಸ್ತಕ ಮುಗಿಸಬೇಕು ಅಂದರೆ ದೊಡ್ಡವನು ತೆಳ್ಳಗಿರುವುದನ್ನೇ ಹುಡುಕುತ್ತಾನೆ. ಚಿಕ್ಕವಳಿಗೆ ಇನ್ನೂ ಏಳು ವರ್ಷ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಪ್ರತಿ ಭಾನುವಾರ ಅವಳ ಹೆಸರೇ ಕೊನೆಯಲ್ಲಿ. ಅದೂ ಎಲ್ಲರ ಮುಂದೆ.

ಅಕ್ಕ: ಹೂಂ. ಅದು ನನಗೆ ಹೊಳೆದಿರಲಿಲ್ಲ.

ನಾನು: 1973ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ‘ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ’ ಎಂದು ಕೆಲವರಿಗೆ ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಆ ಮಕ್ಕಳೇ ಬಿಡುವಿನಲ್ಲಿ ಕಡಿಮೆ ಚಿತ್ರ ಬಿಡಿಸುತ್ತಿದ್ದರು. ಮೊದಲೇ ಹೇಳದೆ ಕೊಟ್ಟ ಮಕ್ಕಳಿಗೆ ಹಾಗಾಗಲಿಲ್ಲ. ಓದಿನಲ್ಲೂ ಹೀಗೇ ಆದರೆ ಅನ್ನುವುದೇ ನನ್ನ ಭಯ.

ಅಣ್ಣ: ಆದರೂ ಏನೂ ಗೊತ್ತುಪಡಿಸದಿದ್ದರೆ ರಜೆ ಸುಮ್ನೆ ಕಳೆದುಹೋಗುತ್ತದೆ. ಕಲಿತದ್ದೂ ಮರೆಯುತ್ತದೆ. ಮಾವನ ಆತಂಕ ಸುಳ್ಳಲ್ಲ, ಅಲ್ವಾ?

ನಾನು: ಖಂಡಿತ ಸುಳ್ಳಲ್ಲ ಅಣ್ಣ. ಅಮೆರಿಕದ ಫ್ಲಾರಿಡಾದಲ್ಲಿ ಸಂಶೋಧಕರಾದ ರಿಚರ್ಡ್ ಆಲಿಂಗ್ಟನ್ ಮತ್ತು ಆನ್ ಮ್ಯಾಕ್‌ಗಿಲ್ ಫ್ರಾನ್ಜೆನ್ ಬಡ ಮನೆಗಳ ಮಕ್ಕಳಿಗೆ ಬೇಸಿಗೆಗೆ 12ರಂತೆ ಮೂರು ವರ್ಷ ಪುಸ್ತಕ ಕೊಡಿಸಿದರು. 2010ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಓದಿನ ಪರೀಕ್ಷೆಯಲ್ಲಿ ಆ ಮಕ್ಕಳು ಪುಸ್ತಕ ಸಿಗದವರಿಗಿಂತ ಮುಂದಿದ್ದರು. 30 ಅಲ್ಲ, 12. ಪುಸ್ತಕ ಆರಿಸಿದ್ದೂ ಮಕ್ಕಳೇ.

ದೊಡ್ಡಮ್ಮ: ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಯಾರಾದರೂ ಓದಿದರೆ ಕೇಳುತ್ತೇನೆ. ಈ ಪಟ್ಟಿಯಲ್ಲಿ ನನಗೆ ಜಾಗ ಇದೆಯಾ?

ನಾನು: ನಾನು ಹೇಳಬೇಕೆಂದಿದ್ದೂ ಅದೇ ದೊಡ್ಡಮ್ಮ. ಪಟ್ಟಿ ಪ್ರಕಾರ ಮಕ್ಕಳು ಓದಬೇಕು, ನಾವು ಅಂಕ ಹಾಕಬೇಕು. ಅದರ ಬದಲು ಒಂದೇ ಪುಸ್ತಕ ಇಟ್ಟುಕೊಳ್ಳೋಣ. ದಿನಾ ರಾತ್ರಿ 20 ನಿಮಿಷ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಚಿಕ್ಕವಳಿಗೆ ತಾನೇ ಓದಲು ಬಾರದ ಕಥೆಯೂ ಕೇಳಿದರೆ ಅರ್ಥವಾಗುತ್ತದೆ. ಆ ವಯಸ್ಸಿನಲ್ಲಿ ಕಣ್ಣಿಗಿಂತ ಕಿವಿಯೇ ಮುಂದು. ನಾವು ಮನೆಯಲ್ಲಿ ಆಡದ ಎಷ್ಟೋ ಪದಗಳು ಪುಸ್ತಕದಲ್ಲಿ ಬರುತ್ತವೆ, ಅವೂ ಕಿವಿಗೆ ಬೀಳುತ್ತವೆ. ನಡುವೆ ನಿಲ್ಲಿಸಿ ‘ಮುಂದೆ ಏನಾಗಬಹುದು?’ ಎಂದು ಕೇಳಿ ನೋಡಿ. ಮಕ್ಕಳು ಏನೇನೋ ಹೇಳುತ್ತಾರೆ. ಆ ಮಾತಿಗೋಸ್ಕರವೇ ನನಗೆ ಇದು ಬೇಕು.

ಅಕ್ಕ: ದೊಡ್ಡವನು ಕೂರುವುದಿಲ್ಲ ಕಣೇ. 11 ವರ್ಷ. ‘ನನಗೆ ಓದಲು ಬರುತ್ತಲ್ಲ’ ಎನ್ನುತ್ತಾನೆ.

ನಾನು: ಹಾಗಾದರೆ ಮೊದಲ ಪುಸ್ತಕ ಅವನೇ ಆರಿಸಲಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಡೋಣ. ಆ ಹೊತ್ತಿಗೆ ಫೋನ್‌ಗಳೆಲ್ಲ ಪಕ್ಕದ ಕೋಣೆಯಲ್ಲಿರಲಿ. ನಮ್ಮದೂ.

ಮಾವ: ನಾನು ಪೂರ್ತಿ ಒಪ್ಪುವುದಿಲ್ಲ. ಲೆಕ್ಕ ಇಡದಿದ್ದರೆ ನಾಲ್ಕನೇ ದಿನಕ್ಕೆ ನಿಂತುಹೋಗುತ್ತದೆ. ನೋಡಿದ್ದೇನೆ.

ನಾನು: ಅದು ನಿಜ ಮಾವ. ಆದರೆ ನಿಲ್ಲಿಸುವುದು ಮಕ್ಕಳಲ್ಲ, ‘ಇವತ್ತು ಸುಸ್ತು’ ಎನ್ನುವ ನಾವು. ಲೆಕ್ಕ ನಮ್ಮದಿಡಿ. ಯಾವ ರಾತ್ರಿ ದೊಡ್ಡವರು ಯಾರು ಓದಿದರು ಎಂದು ನೀವೇ ಬರೆದಿಡಿ.

ಮಾವ: ಅದಾಗಬಹುದು. ಬಹುಮಾನದ ದುಡ್ಡಿಗೆ ಪುಸ್ತಕವನ್ನೇ ತಂದರಾಯಿತು. ಮಕ್ಕಳನ್ನು ಕರೆದುಕೊಂಡೇ ಹೋಗುತ್ತೇನೆ. ಆದರೆ ಲೆಕ್ಕ ಮಾತ್ರ ಬಿಡುವುದಿಲ್ಲ.

ದೊಡ್ಡಮ್ಮ: ಎಂಟೂವರೆಗೆ ನನಗೆ ಫೋನ್ ಮಾಡಿ ಪಕ್ಕದಲ್ಲಿಡಿ. ನಡುವೆ ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತೇನೆ.

ಅಕ್ಕ: ಒಂದು ಫೋನ್ ಇಲ್ಲೇ ಇರುತ್ತದೆ ದೊಡ್ಡಮ್ಮ, ನಿಮಗೋಸ್ಕರ. ಮೊದಲ ಪುಟ ಅಜ್ಜಿಗೆ ತಾನೇ ಓದಬೇಕಂತೆ, ಚಿಕ್ಕವಳು ಹೇಳುತ್ತಿದ್ದಾಳೆ. ತುಂಬಾ ಹೊತ್ತಾಗುತ್ತದೆ.

ದೊಡ್ಡಮ್ಮ: ಆಗಲಿ. ಎಂಟು ಗಂಟೆಗೇ ಫೋನ್ ಮಾಡಿ.