ಸಹಾಯ ಬೇಕು: ಉಚಿತ ಕನ್ನಡ ನಿಘಂಟು ಆ್ಯಪ್‌ಗೆ ಪರೀಕ್ಷಕರು

ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್ ಇಲ್ಲದೆಯೂ ನಡೆಯುವ, ಜಾಹೀರಾತಿಲ್ಲದ ನಿಘಂಟು ಆ್ಯಪ್ ಸಿದ್ಧವಾಗಿದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಿಂದ ಪ್ಲೇ ಸ್ಟೋರ್‌ಗೆ ಹಾಕಬೇಕಾದರೆ, ಆಹ್ವಾನಿತರಷ್ಟೇ ಬಳಸಿ ನೋಡುವ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಕನಿಷ್ಠ 12 ಮಂದಿ ಸತತ 14 ದಿನ ಇರಲೇಬೇಕು. ನಡುವೆ ಕೆಲವರು ಬಿಟ್ಟುಹೋಗುವುದು ಸಹಜ, ಆದ್ದರಿಂದ 20 ಮಂದಿ ಬೇಕು. ಹಾಕಿಕೊಂಡು ಸುಮ್ಮನಿರಬೇಡಿ, ಪರೀಕ್ಷಕರು ಹೇಗೆ ಬಳಸಿದರು, ಏನು ಹೇಳಿದರು ಎಂದು ಗೂಗಲ್ ಕೊನೆಗೆ ಕೇಳುತ್ತದೆ.

ಮುಖ್ಯವಾಗಿ ಹುಡುಕಾಟವನ್ನು ನೋಡಿ. ‘ಲೋಕ’ ಪದದ ಓಕಾರ ಕೆಲವು ಕಡತಗಳಲ್ಲಿ ಒಂದೇ ಯೂನಿಕೋಡ್ ಸಂಕೇತ (ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಕೊಟ್ಟ ಸಂಖ್ಯೆ), ಕೆಲವುಗಳಲ್ಲಿ ಒಂದಕ್ಕಿಂತ ಹೆಚ್ಚು. ಕಣ್ಣಿಗೆ ವ್ಯತ್ಯಾಸವಿಲ್ಲ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ಬಗೆಗೆ ತರುವ ಯೂನಿಕೋಡ್ ಕ್ರಮ) ತಂದರೆ ಇದು ಸರಿಹೋಗುತ್ತದೆ. ‘ಸಾಫ್ಟ್‌ವೇರ್’ ಪದದೊಳಗೆ ಅಡಗಿರುವ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವಾದ ಝಡ್‌ಡಬ್ಲ್ಯೂಎನ್‌ಜೆ ಮಾತ್ರ ಅದರಿಂದ ಹೋಗದು. ಪದಪಟ್ಟಿಯಲ್ಲೂ ಬಳಕೆದಾರರು ಟೈಪಿಸಿದ್ದರಲ್ಲೂ ಬೇರೆಯಾಗಿ ತೆಗೆಯಬೇಕು. ಎರಡನ್ನೂ ಮಾಡಿದ್ದೇವೆ. ನಿಮ್ಮ ಕೀಬೋರ್ಡ್ ಯಾವುದೇ ಇರಲಿ, ಇಂಥ ಪದಗಳನ್ನು ಟೈಪಿಸಿ, ಸಿಗದಿದ್ದರೆ ಕೀಬೋರ್ಡಿನ ಹೆಸರು, ಆಂಡ್ರಾಯ್ಡ್ ಆವೃತ್ತಿ ಮತ್ತು ಸ್ಕ್ರೀನ್‌ಶಾಟ್ ಕಳಿಸಿ. ಹಳೆಯ, 2 ಜಿಬಿ ರ‍್ಯಾಮ್ ಫೋನ್ ಇರುವವರು ಬಂದರೆ ಬಹಳ ಉಪಕಾರ.

ಇನ್ನೊಂದು ಕೋರಿಕೆ. ಟಾರ್ಗೆಟ್ ಎಪಿಐ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಸಿದ್ಧವಾಗಿದೆ ಎಂದು ಹೇಳುವ ಸಂಖ್ಯೆ) ಕಾಲಕಾಲಕ್ಕೆ ಏರಿಸದಿದ್ದರೆ ಹೊಸ ಆಂಡ್ರಾಯ್ಡ್ ಫೋನ್‌ಗಳಿಗೆ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಸಿಗದಂತಾಗುತ್ತದೆ. ಎಷ್ಟೋ ಒಳ್ಳೆಯ ಉಚಿತ ಆ್ಯಪ್‌ಗಳು ಮರೆಯಾಗುವುದು ಹೀಗೆಯೇ. ವರ್ಷಕ್ಕೊಮ್ಮೆ ಈ ಕೆಲಸಕ್ಕೆ ಕೈಜೋಡಿಸಬಲ್ಲ, ಆಂಡ್ರಾಯ್ಡ್ ಆ್ಯಪ್ ಬರೆಯುವ ಕೋಟ್ಲಿನ್ ಭಾಷೆ ಬಲ್ಲ ಒಬ್ಬರು ಬೇಕು. ಆಸಕ್ತರು ಪ್ಲೇ ಸ್ಟೋರ್‌ಗೆ ಬಳಸುವ ಜಿಮೇಲ್ ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳಿಸಿ, ಇಲ್ಲಿ ಬರೆಯಬೇಡಿ.