ಸಹಾಯ ಬೇಕು: ನಮ್ಮ ಸಿಎನ್‌ಸಿ ರೌಟರ್‌ಗೆ ಮೊದಲು ಏನು ಬದಲಿಸಬೇಕು?

ನಾವು ಹತ್ತು ಹನ್ನೆರಡು ಜನ ಸೇರಿ ನಡೆಸುವ ವರ್ಕ್‌ಶಾಪಿನಲ್ಲಿ ಒಂದೇ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ) ಇದೆ. ಬೆಡ್ 600×900 ಮಿ.ಮೀ., ಬೆಲ್ಟ್ ಡ್ರೈವ್, ವೈ ಅಕ್ಷಕ್ಕೆ ನೆಮಾ 23 ಸೈಜಿನ ಎರಡು ಸ್ಟೆಪರ್ ಮೋಟರ್ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವಂಥವು), 24 ವೋಲ್ಟ್ ಸಪ್ಲೈ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊರೆದರೆ ಬೆಣ್ಣೆ. ತೇಗ ಇಟ್ಟರೆ ಮಾತ್ರ ರಗಳೆ. ಕಳೆದ ವಾರ ಒಬ್ಬರ ದೇವರ ಮಂಟಪದ ಕಮಾನು ಅರ್ಧಕ್ಕೇ ಹಾಳಾಯಿತು. ಕೆಲಸ ಮುಗಿದು ಸೊನ್ನೆಗೆ ಮರಳಿದಾಗ ಬಿಟ್ ಗುರುತಿನಿಂದ ಒಂದೂವರೆ ಮಿ.ಮೀ. ಆಚೆ ನಿಂತಿತ್ತು, ಅದೂ ವೈ ಅಕ್ಷದಲ್ಲಿ ಮಾತ್ರ.

ಬೆಲ್ಟ್ ಬಿಗಿ ಮಾಡಿದೆವು. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ನೋಡಿದೆವು. ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 1500 ಮಿ.ಮೀ.ನಿಂದ 900ಕ್ಕೆ ಇಳಿಸಿದೆವು, ಸ್ವಲ್ಪ ಸುಧಾರಿಸಿತು. ಡ್ರೈವರ್ (ಮೋಟರ್ ನಡೆಸುವ ಸರ್ಕ್ಯೂಟ್) ಕರೆಂಟ್ ಏರಿಸಿದರೆ ಮೋಟರ್ ಮುಟ್ಟಲಾರದಷ್ಟು ಬಿಸಿ.

ಈಗ ಕೈಯಲ್ಲಿರುವುದು 25,000 ರೂಪಾಯಿ. ಅರ್ಧ ಜನ ಬೆಲ್ಟ್ ಬದಲು ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಓಡುವ ತಿರುಪು ಕಂಬಿ) ಹಾಕೋಣ ಅಂತಾರೆ. ಆದರೆ ಬೆಲ್ಟ್ ಬರೀ ಹಿಗ್ಗುತ್ತಿದ್ದರೆ ಭಾರ ಇಳಿದ ಮೇಲೆ ಸೊನ್ನೆಗೆ ಸರಿಯಾಗಿ ಬರಬೇಕಿತ್ತು, ಅಲ್ವಾ? ಹಾಗಾಗಿ ಮೋಟರ್ ಸ್ಟೆಪ್ ತಪ್ಪಿಸುತ್ತಿದೆ (ಹೇಳಿದಷ್ಟು ಹೆಜ್ಜೆ ತಿರುಗುತ್ತಿಲ್ಲ) ಅಂತ ನನ್ನ ಗುಮಾನಿ.

ನನ್ನ ಲೆಕ್ಕ ಸರಿಯೇ? ಹಾಗಿದ್ದರೆ ಮೊದಲು 36 ವೋಲ್ಟ್ ಸಪ್ಲೈ ಹಾಕಿ ನೋಡಬೇಕಾ, ಇಲ್ಲ ನೇರವಾಗಿ ವೈ ಅಕ್ಷಕ್ಕೆ ಕ್ಲೋಸ್ಡ್ ಲೂಪ್ (ತಾನೆಷ್ಟು ತಿರುಗಿದೆ ಎಂದು ನೋಡಿ ಸರಿಪಡಿಸಿಕೊಳ್ಳುವ) ಮೋಟರ್‌ಗಳನ್ನೇ ತರಬೇಕಾ? ತೇಗದಲ್ಲಿ ಕೆಲಸ ಮಾಡಿದವರು ಹೇಳಿ.